ಟೋಪಿ ತೆಗೆಯದ ನಿಕಾಂದ್ರ್

ನಿಕಾಂದ್ರ್ ಸವ್ವಿಚ್ ಎಂಬ ಹೆಸರು ನನ್ನ ಕಿವಿಗೆ ಮೊದಲು ಬಿದ್ದದ್ದು ಎಲೆಕೋಸಿನ ಸಾರು ಬಡಿಸುತ್ತಿದ್ದಾಗ. ಎರಕದ ಮನೆಯ ಕೆಲಸ ಮುಗಿಸಿ ಬಂದ ನನ್ನ ಗಂಡ ಪ್ಲತೋನ್ ಚಮಚ ಹಿಡಿಯಲಾರದಷ್ಟು ನಗುತ್ತಿದ್ದ.

"ಪೆಲಾ, ಕೆರೆಯಾಚೆ ನಿಕಾಂದ್ರ್ ಸವ್ವಿಚ್ ಇವತ್ತು ಸಲಾಕೆ ಹಿಡ್ಕೊಂಡು ಶಿಲ್ಪೀನ ಅಟ್ಟಾಡಿಸಿಬಿಟ್ಟ ಕಣೇ!"

"ಅಯ್ಯೋ, ಯಾಕಂತೆ?"

"ಅವನ ಮುಖ ತಗೊಂಡು ಯಜಮಾನನಿಗೆ ಅಂಟಿಸಿದಾನೆ!"

ನಮ್ಮ ತುರ್ಗಿನ್ಸ್ಕ್ ಹುಟ್ಟಿದ್ದೇ ಕಬ್ಬಿಣಕ್ಕಾಗಿ. ಗುರ್ದಿನ್ ಎಂಬ ಯಜಮಾನ ಉರಾಲ್ ಬೆಟ್ಟದ ಹೊಳೆಗೆ ಒಡ್ಡು ಹಾಕಿಸಿ, ಆ ನೀರಿನ ಬಲದಿಂದ ಕುಲುಮೆ ಊದಿಸಿದ. ದುಡಿಯಲು ಜೀತದಾಳುಗಳನ್ನು ಕೊಂಡು ತಂದ. ಊರಿಗೆ ಇನ್ನೂರೈವತ್ತು ತುಂಬಿದ ವರ್ಷ ಅವನ ಕಬ್ಬಿಣದ ಪ್ರತಿಮೆ ನಿಲ್ಲಿಸಬೇಕೆಂದು ನಗರಸಭೆಯವರು ಹೊರಟರು. ಆದರೆ ಅವನ ಚಿತ್ರ ಎಲ್ಲೂ ಇರಲಿಲ್ಲ. ಶಿಲ್ಪಿ ಬಿಯರ್ ಅಂಗಡಿಯಲ್ಲಿ ಒಂದು ಒಳ್ಳೆಯ ಗಡ್ಡ ಕಂಡು ಸದ್ದಿಲ್ಲದೆ ಆ ಮುಖದ ಚಿತ್ರ ಬರೆದುಕೊಂಡು ಹೋಗಿದ್ದ. ಅದು ಕುಲುಮೆಯ ಮೇಸ್ತ್ರಿ ನಿಕಾಂದ್ರನ ಗಡ್ಡ. ಅವನ ವಂಶದ ಹಿರಿಯನೊಬ್ಬನನ್ನು ಗುರ್ದಿನ್ ಎರಡು ಬೇಟೆನಾಯಿ ಕೊಟ್ಟು ಕೊಂಡಿದ್ದನಂತೆ. ಈಗ ಪ್ರತಿಮೆಯ ಮೈಗೆ ಗುರ್ದಿನ್‌ನ ಕೋಟು, ಅದರ ಮೇಲೆ ಆ ವಂಶದ ಮುಖ!

ಎರಕದ ದಿನ ನಾನೂ ನೋಡಲು ಹೋದೆ. ನಮ್ಮಲ್ಲಿ ಹೊಸ ಅಚ್ಚಿಗೆ ಕಬ್ಬಿಣ ಹೊಯ್ಯುವ ಮೊದಲು ಕುಲುಮೆಯ ಮೇಸ್ತ್ರಿ ತನ್ನ ಉಣ್ಣೆ ಟೋಪಿ ತೆಗೆಯಬೇಕು. ಅಲ್ಲಿಯವರೆಗೆ ಯಾರೂ ಕೆಲಸಕ್ಕೆ ಕೈ ಹಚ್ಚುವುದಿಲ್ಲ. ನಿಕಾಂದ್ರ್ ಟೋಪಿಯನ್ನು ಗದ್ದದ ಕೆಳಗೆ ದಾರದಿಂದ ಬಿಗಿದುಕೊಂಡು ಸ್ಟೂಲಿನ ಮೇಲೆ ಕೂತಿದ್ದ.

"ಟೋಪಿ ತೆಗೀರಿ ನಿಕಾಂದ್ರ್ ಸವ್ವಿಚ್, ಜನ ಕಾಯ್ತಿದಾರೆ" ಎಂದರು ನಗರಸಭೆಯ ಅಧ್ಯಕ್ಷರು.

"ನೆಗಡಿ ಆಗ್ತದೆ ಸ್ವಾಮಿ."

"ಕುಲುಮೆ ಮುಂದೆ ನೆಗಡೀನಾ? ಊರು ಕಟ್ಟಿದೋರ ಪ್ರತಿಮೆ ಕಣ್ರೀ ಇದು!"

"ಕಟ್ಟಿದೋರೇ ಬಂದು ಹೊಯ್ಕೊಳ್ಳಲಿ. ನಾನೇನು ಬೇಡ ಅಂದ್ನಾ?"

ಇಡೀ ಎರಕದ ಮನೆ ಗೊಳ್ಳೆಂದಿತು. ಅಧ್ಯಕ್ಷರು ಕಿವಿಯವರೆಗೂ ಕೆಂಪಾದರು. "ನಿಮಗೇನು ಬೇಕು, ಅದನ್ನ ಹೇಳಿ."

"ಆ ಕೋಟು ಬಿಚ್ಚಿಸಿ. ಮೈಗೆ ನಮ್ಮ ಅಂಗಿ, ಕೈಗೆ ಸಲಾಕೆ. ಆಗಲ್ಲ ಅಂದ್ರೆ ನನ್ನ ಗಡ್ಡ ನನಗೆ ವಾಪಸ್ ಕೊಡಿ."

ಮೊದಲು ಚಪ್ಪಾಳೆ ತಟ್ಟಿದವನು ಶಿಲ್ಪಿಯೇ. ಅಧ್ಯಕ್ಷರು ಒಪ್ಪಲೇಬೇಕಾಯಿತು. ಆ ದಿನ ಕರಗಿಸಿದ್ದ ಕಬ್ಬಿಣವೆಲ್ಲ ಹಳೆಯ ಅಚ್ಚುಗಳಿಗೆ ಹೋಗಿ ಕಾವಲಿಗಳಾಯಿತು. ನನಗೂ ಒಂದು ಸಿಕ್ಕಿತು, ಈಗಲೂ ಅದರಲ್ಲೇ ದೋಸೆಯಂಥ ಬ್ಲಿನಿ ಹುಯ್ಯುತ್ತೇನೆ. ಪ್ಲತೋನ್ ಬೈದುಕೊಳ್ಳುತ್ತ, ಹಾಡಿಕೊಳ್ಳುತ್ತ ಹೊಸ ಅಚ್ಚು ಮಾಡಿದ. ಅಷ್ಟರಲ್ಲಿ ಊರಹಬ್ಬ ಮುಗಿದೇಹೋಗಿತ್ತು, ಇನ್ನೊಂದು ಹಬ್ಬ ಮಾಡಿದೆವು. ಅವತ್ತು ನಿಕಾಂದ್ರ್ ದಾರ ಬಿಚ್ಚಿ ಟೋಪಿ ತೆಗೆದಾಗ ಅವನ ಬೋಳುತಲೆ ತಾಮ್ರದ ಕೊಡದಂತೆ ಹೊಳೆಯಿತು. ಪೀಠದ ಮೇಲೆ "ಮೊದಲ ಕುಲುಮೆಗಾರ" ಎಂದು ಬರೆಸಿದರು. ಗುರ್ದಿನ್‌ಗೆ ಒಂದು ಬೀದಿ ಸಿಕ್ಕಿತು, ಅದೂ ಮುಂದೆ ದಾರಿಯಿಲ್ಲದ ಮೊಂಡುಬೀದಿ.

ಪ್ಲತೋನ್ ತೀರಿಕೊಂಡ ಮೇಲೂ ನಿಕಾಂದ್ರ್ ನಮ್ಮಲ್ಲಿಗೆ ಚಹಾಕ್ಕೆ ಬರುತ್ತಿದ್ದ. ಚೌಕದಲ್ಲಿ ಪ್ರತಿಮೆಯನ್ನು ದಾಟುವಾಗೆಲ್ಲ "ನಿನಗಿಂತ ನಾನೇ ಚೆನ್ನಾಗಿದ್ದೀನಿ ಕಣೋ" ಎಂದು ರೇಗಿಸಿ ಬರುತ್ತಿದ್ದ. ಎಂಬತ್ತು ದಾಟಿ ಹಾಸಿಗೆ ಹಿಡಿದಾಗ ಜಾಮ್ ತೆಗೆದುಕೊಂಡು ಹೋದೆ. ಎರಡು ಚಮಚ ತಿಂದು, ನನ್ನ ತೋಳು ಹಿಡಿದು ಕೇಳಿದ:

"ತಂಗೀ ಪೆಲಗೇಯಾ, ಶನಿವಾರ ನೀವೆಲ್ಲ ಸ್ನಾನದ ಮನೆ ಕಾಯಿಸ್ತೀರಲ್ಲ, ಚೌಕದಲ್ಲಿ ನಿಂತಿದಾನಲ್ಲ, ಅವನಿಗೂ ಒಂದು ಬಕೆಟ್ ಬಿಸಿನೀರು ಒಯ್ದು ಮುಖ ತೊಳಿಯಮ್ಮ. ಪಾರಿವಾಳ ಬಹಳ ಗಲೀಜು ಮಾಡ್ತವೆ. ಸೋಪು ಮಾತ್ರ ಹಾಕಬೇಡ, ಕಣ್ಣು ಉರಿಯುತ್ತೆ."