ಕಲೆಯಿಲ್ಲದ ಚಂದ್ರ

ಆ ಬೆಳಿಗ್ಗೆ ನಾನು ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದೆ. ಎದುರಿನ ಫೋಟೋ ಸ್ಟುಡಿಯೋದವರು ಎಂದಿನಂತೆ ಕಿವಿಯ ಸಂದಿನ ಪೆನ್ಸಿಲ್ ತೆಗೆದು ನೆಗೆಟಿವ್ ತಿದ್ದುತ್ತಿದ್ದರು. ಗಂಡಿನ ಕಡೆಗೆ ಕಳಿಸುವ ಹುಡುಗಿಯರ ಫೋಟೋಗಳಲ್ಲಿ ಮೊಡವೆ, ಸಿಡುಬಿನ ಗುರುತು ಉಳಿಸುತ್ತಿರಲಿಲ್ಲ. "ಒಂದು ಕಲೇನೂ ಇರಕೂಡದು" ಎನ್ನುವುದು ಅವರ ಮಾತು.

ಸ್ವಲ್ಪ ಹೊತ್ತಿಗೆ ಒಂದು ಪ್ರಿಂಟ್ ಹಿಡಿದು, ಮುಖ ಸಪ್ಪಗೆ ಮಾಡಿಕೊಂಡು ಬಂದರು. ಯಾರದೋ ದುರ್ಬೀನು ಬೇಡಿ ತಂದು ಹಿಂದಿನ ಸಂಜೆ ಹುಣ್ಣಿಮೆಯ ಚಂದ್ರನ ಫೋಟೋ ತೆಗೆದಿದ್ದರು. ಒಂದೇ ನೆಗೆಟಿವ್, ದುರ್ಬೀನೂ ವಾಪಸಾಗಿತ್ತು. ಕೈಯ ಅಭ್ಯಾಸಕ್ಕೆ ಚಂದ್ರನ ಕಲೆಗಳನ್ನೂ ಪೆನ್ಸಿಲ್‌ನಲ್ಲಿ ಮುಚ್ಚಿಬಿಟ್ಟಿದ್ದರು. ಉಜ್ಜಿ ಅಳಿಸಹೋದರೆ ನೆಗೆಟಿವ್ ಮೇಲೇ ಗೀರು ಬೀಳುತ್ತದಂತೆ.

"ಆ ಕಲೆಗೋಸ್ಕರಾನೇ ತೆಗ್ದಿದ್ದು, ಅಮ್ಮಾ."

"ಇರಲಿ ಬಿಡಿ, ಮುದ್ದಾಗಿದಾನೆ. ಸ್ಟುಡಿಯೋ ಮುಂದಿನ ಗಾಜಿನ ಬೀರುವಿನಲ್ಲಿ ಹಾಕಿ" ಎಂದೆ. ಹಾಕಿದರು, ವಧುಗಳ ಫೋಟೋಗಳ ಸಾಲಿನಲ್ಲೇ.

ಸಂಜೆ ಬೀರು ನೋಡಿ ಪಕ್ಕದ ಮನೆಯ ಅಜ್ಜಿ ಆಡಿದ ಮಾತಿಗೆ ಸ್ಟುಡಿಯೋದವರೇ ಮೊದಲು ನಕ್ಕರು: "ಏನ್ರೀ, ಚಂದ್ರಂಗೂ ಸಂಬಂಧ ನೋಡ್ತಾ ಇದೀರಾ?"