ಇಂಗಿನ ಒಗ್ಗರಣೆಯ ಪಾನಿಪುರಿ

ಮೊನ್ನೆ ಮಗಳು ಮನೆಯಲ್ಲೇ ಪಾನಿಪುರಿ ಮಾಡುತ್ತೇನೆಂದು ಪುದೀನ ರುಬ್ಬುತ್ತಿದ್ದಳು. ನಾನು ಪಕ್ಕದಲ್ಲೇ ಸಾರಿಗೆ ಇಂಗಿನ ಒಗ್ಗರಣೆ ಹಾಕಿದೆ. ಎರಡೂ ಪರಿಮಳ ಸೇರಿದ್ದೇ ತಡ, ಸಿದ್ದಾಪುರದ ಬಾಡಿಗೆ ಮನೆ ನೆನಪಾಯಿತು. ಪಕ್ಕದ ಮನೆಯ ಹಿರಿಯಾಕೆ ನೆನಪಾದರು. ಓಣಿಗೆಲ್ಲ ಅವರು ದೊಡ್ಡಾಯಿ...

ತೊಂಬತ್ತರ ದಶಕದ ಕೊನೆಯ ಮಾತು. ನಾನು ಬಸುರಿ. ಅದಕ್ಕೂ ಮೊದಲು ಒಂದು ಸಲ ಬಸುರು ನಿಲ್ಲದೆ ಹೋಗಿತ್ತು. ಈ ಸಲ ಅನ್ನ ಬೇಯುವ ವಾಸನೆಗೇ ವಾಂತಿ. ಹೀಗೇ ತೂಕ ಇಳಿದರೆ ಮಗುವಿಗೆ ಕಷ್ಟ ಎಂದು ಡಾಕ್ಟರು ಹೇಳಿದ ಮೇಲಂತೂ ಹೆದರಿ ಹಣ್ಣಾಗಿದ್ದೆ. ನಾಲಿಗೆ ಬೇಡುತ್ತಿದ್ದದ್ದು ಶಿರಸಿ ಪೇಟೆಯ ಗಾಡಿಯ ಪಾನಿಪುರಿಯೊಂದನ್ನೇ. ಬೀದಿಯ ನೀರು ಬಸುರಿಗೆ ಬೇಡವೇ ಬೇಡ ಎಂದು ನಮ್ಮ ಅತ್ತೆ ಖಂಡಿತವಾಗಿ ಹೇಳಿಬಿಟ್ಟರು. ಅವರ ಹೆದರಿಕೆಯೂ ಸುಳ್ಳಲ್ಲ.

ದೊಡ್ಡಾಯಿಗೆ ಸುದ್ದಿ ಮುಟ್ಟಿತು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು, ಹೋಟೆಲಿನ ಚಹಾವನ್ನೂ ಕುಡಿದವರಲ್ಲ. ಪಾನಿಪುರಿಯನ್ನು ಕಣ್ಣಿನಲ್ಲೂ ಕಂಡಿರಲಿಲ್ಲ.

"ಬಸುರಿ ಬಯಕೆ ಬಾಕಿ ಇಡ್ಲಾಗ, ತಂಗಿ. ಅದನ್ನ ಮಾಡದು ಹೆಂಗೆ, ಹೇಳು" ಎಂದರು.

ಬಾಯಲ್ಲಿ ನೀರೂರಿಸಿಕೊಂಡೇ ವರ್ಣಿಸಿದೆ. ಮೊದಲ ದಿನದ ಪುರಿ ಚೆನ್ನಾಗಿ ಉಬ್ಬಿತು, ಆರಿದ ಮೇಲೆ ಮೆತ್ತಗಾಯಿತು. ಮರುದಿನ ಚಿರೋಟಿ ರವೆಯನ್ನು ಗಟ್ಟಿಯಾಗಿ ಕಲಸಿ, ತೆಳ್ಳಗೆ ಲಟ್ಟಿಸಿ, ಸಣ್ಣ ಉರಿಯಲ್ಲಿ ಕೆಂಪಗೆ ಕರಿದರು. ಮುರಿದರೆ ಕಟುಂ ಎಂದಿತು. ಒಳಗಿಡಲು ಬೇಯಿಸಿದ ಹೆಸರುಕಾಳು. ಪಾನಿಗೆ ಒಣಗಿಸಿಟ್ಟ ವಾಟೆಹುಳಿ, ಸೂಜಿಮೆಣಸು, ಬೆಲ್ಲ, ಪುದೀನ. ಅಷ್ಟಕ್ಕೇ ಬಿಟ್ಟಿದ್ದರೆ ಸರಿಯಿತ್ತು. ಆದರೆ ಹುಳಿ ನೀರೆಂದರೆ ಅವರಿಗೆ ಅಪ್ಪೆಹುಳಿಯೇ, ಊಟದಲ್ಲಿ ನಾವು ಕುಡಿಯುವ ತಣ್ಣನೆಯ ಸಾರು. ಅದಕ್ಕೆ ಹಾಕುವ ಹಾಗೆಯೇ ಇದಕ್ಕೂ ಸಾಸಿವೆ, ಇಂಗಿನ ಒಗ್ಗರಣೆಯನ್ನು ಚೊಂಯ್ ಎನಿಸಿಬಿಟ್ಟರು! ಪಾನಿಪುರಿಯ ಕುಲವೇ ಕೆಟ್ಟಿತು ಎಂದುಕೊಂಡೆ.

ಒಂದು ತಿಂದೆ. ಇನ್ನೊಂದು ತಿಂದೆ. ಬಟ್ಟಲನ್ನೆತ್ತಿ ಉಳಿದ ಪಾನಿಯನ್ನೂ ಕುಡಿದೆ. ದೊಡ್ಡಾಯಿ ಎದುರಿಗೇ ಕೂತು ನನ್ನ ಮುಖವನ್ನೇ ನೋಡುತ್ತಿದ್ದರು. ಎಷ್ಟೋ ಹೊತ್ತಾದರೂ ವಾಂತಿಯಾಗಲಿಲ್ಲ.

"ಹೊಟ್ಟೆ ಸರಿ ಇದ್ದಾ, ತಂಗಿ?"

"ಸರಿ ಇದ್ದು, ದೊಡ್ಡಾಯಿ."

ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ನನಗೆ ಬೇಕೆನಿಸಿದಾಗಲೆಲ್ಲ ಅವರ ಮನೆಯಲ್ಲಿ ಪುರಿ ಸಿದ್ಧವಿರುತ್ತಿತ್ತು. ನಿಧಾನಕ್ಕೆ ಅನ್ನವೂ ಒಗ್ಗಿತು, ತೂಕವೂ ಏರಿತು.

ಮನೆಯಲ್ಲಿ ಬಯಕೆ ಊಟದ ದಿನ ಗೊತ್ತಾಯಿತು. ಮೊದಲು ಅವರನ್ನೇ ಕರೆಯಲು ಹೋದೆ.

"ಆನು ಅಲ್ಲಿಗೆ ಬಪ್ಲಾಗ. ನಿಂಗೆ ಒಳ್ಳೇದಾಗ್ಲಿ" ಎಂದರು.

ಗಂಡನಿಲ್ಲದವರು ಶುಭಕಾರ್ಯದಲ್ಲಿ ಮುಂದೆ ಬರಬಾರದು, ಅಷ್ಟೇ ಕಾರಣ. ಹಾಗೆಂದು ಅವರಿಗೆ ಯಾರೂ ಬಾಯಿಬಿಟ್ಟು ಹೇಳಬೇಕಾಗಿಯೂ ಇರಲಿಲ್ಲ. ನನಗೆ ಸಿಟ್ಟು ಬಂದಿತ್ತು... ಇವತ್ತಿಗೂ ಬರುತ್ತದೆ.

ಮಗಳು ಹುಟ್ಟಿದಳು. ಅವಳಿಗೆ ಮಾತು ಬರುವ ಮೊದಲೇ ಗಂಡನಿಗೆ ಯಲ್ಲಾಪುರಕ್ಕೆ ವರ್ಗವಾಯಿತು. ಕೆಲವು ವರ್ಷಗಳ ನಂತರ ದೊಡ್ಡಾಯಿ ಹೋದರೆಂಬ ಸುದ್ದಿ ಬಂತು.

ಇಷ್ಟನ್ನೂ ಕೇಳಿದ ಮಗಳು, ನೋಡಲು ಹೇಗಿದ್ದರು ಅವರು ಎಂದಳು. ಹಳೆಯ ಆಲ್ಬಮ್ ತೆಗೆದೆ. ಬಯಕೆ ಊಟದ ಫೋಟೊಗಳಲ್ಲಿ ನೆಂಟರು, ನೆರೆಹೊರೆಯವರು ಎಲ್ಲರೂ ಇದ್ದಾರೆ. ಒಬ್ಬರಾದ ಮೇಲೆ ಒಬ್ಬರು ನನ್ನ ಬಾಯಿಗೆ ಸಿಹಿ ಇಡುತ್ತಾ ನಗುತ್ತಿದ್ದಾರೆ. ನಮ್ಮಿಬ್ಬರನ್ನೂ ಉಣ್ಣಿಸಿ ಉಳಿಸಿದವರು ಮಾತ್ರ ಒಂದರಲ್ಲೂ ಇಲ್ಲ.