ನಾಲ್ಕನೇ ಅರ್ಜಿ

ಸಂಶೋಧನೆಗೆ ಫೆಲೋಶಿಪ್ ಕೇಳಿ ಹಾಕಿದ್ದ ಮೂರು ಅರ್ಜಿಗಳೂ ತಿರಸ್ಕೃತವಾಗಿದ್ದವು. ನಾಲ್ಕನೆಯದನ್ನು ಹಿಡಿದು ದುರ್ಗಿಗುಡಿಯ ಟೈಪಿಂಗ್ ಅಂಗಡಿಗೆ ಹೋಗುವಷ್ಟರಲ್ಲಿ ಆಸೆಯೇ ಬತ್ತಿಹೋಗಿತ್ತು. ಅಂಗಡಿಯ ಸರೋಜಮ್ಮ ಅರ್ಧ ಪುಟ ಟೈಪ್ ಮಾಡಿ ಕೈ ನಿಲ್ಲಿಸಿದರು.

“ಬೇಜಾರು ಮಾಡ್ಕೋಬೇಡಿ ಸಾರ್. ಹಿಂದಿನ ಮೂರನ್ನೂ ನಾನೇ ಟೈಪ್ ಮಾಡಿದ್ದೀನಿ. ನಿಮಗೆ ಏನು ತಿಳ್ಕೋಬೇಕು ಅಂತ ನಂಗಿನ್ನೂ ಗೊತ್ತಾಗಿಲ್ಲ.”

ಸಿಟ್ಟು ಬಂತು, ಆದರೆ ಜಗಳಕ್ಕೆ ಶಕ್ತಿ ಇರಲಿಲ್ಲ. “ಭದ್ರಾವತಿಗೆ ಕಾರ್ಖಾನೆ ಕೆಲಸಕ್ಕೆ ಬಂದವರ ಮನೆಗಳಲ್ಲಿ ಅಜ್ಜಿ ತಮಿಳಲ್ಲಿ ಜೋಗುಳ ಹಾಡ್ತಾರೆ. ಮೊಮ್ಮಗಳು ಅದನ್ನೇ ಕನ್ನಡದಲ್ಲಿ ಹಾಡ್ತಾಳೆ. ನಡುವೆ ತಾಯಿ ಹೇಗೆ ಹಾಡಿದ್ಳು ಅಂತ ತಿಳ್ಕೋಬೇಕು, ಅಷ್ಟೇ,” ಅಂದೆ.

ಅವರು ಆ ಹಾಳೆ ತೆಗೆದು, ಹೊಸದು ಹಾಕಿ, ನಾನು ಹೇಳಿದ್ದನ್ನು ಹೇಳಿದ ಹಾಗೇ ಟೈಪ್ ಮಾಡಿದರು.

ಸಂದರ್ಶನದಲ್ಲಿ ಸಮಿತಿಯ ಹಿರಿಯರೊಬ್ಬರು ಆ ಸಾಲುಗಳನ್ನೇ ಗಟ್ಟಿಯಾಗಿ ಓದಿ, “ಇಷ್ಟು ನೇರವಾಗಿ ಬರೆಯೋದನ್ನ ಯಾರು ಕಲಿಸಿದ್ರು?” ಅಂತ ಕೇಳಿದರು. ನಾನು ನನ್ನ ಮಾರ್ಗದರ್ಶಕರ ಹೆಸರು ಹೇಳಿದೆ.

ಫೆಲೋಶಿಪ್ ಬಂತು. ಮುಂದೆ ಪ್ರಬಂಧದ ಕೃತಜ್ಞತೆಗಳಲ್ಲಿ ಮಾರ್ಗದರ್ಶಕರಿಗೆ ಇಡೀ ಒಂದು ಪುಟ ಸಿಕ್ಕಿತು. ಸರೋಜಮ್ಮನವರಿಗೆ ಸಿಕ್ಕಿದ್ದು, ಅಂದವಾದ ಬೆರಳಚ್ಚಿಗೆ ಋಣಿ ಎಂಬ ಒಂದು ಸಾಲು. ಅದನ್ನೂ ಅವರೇ ಟೈಪ್ ಮಾಡಿಕೊಟ್ಟರು.